ಪ್ರಜ್ಞೆ ತಪ್ಪಿದ ಜಾಲತಾಣ

"ದಿನಾ ಮನುಷ್ಯರನ್ನೇ ಮಲಗಿಸಿ ಎಬ್ಬಿಸ್ತೀನಿ. ಒಂದು ವೆಬ್‌ಸೈಟನ್ನ ಮಲಗಿಸಿ ಎಬ್ಬಿಸೋದು ಯಾವ ಮಹಾ ವಿದ್ಯೆ!"

ಭಾನುವಾರ ಬೆಳಿಗ್ಗೆ ಡಾಕ್ಟರು ಲ್ಯಾಪ್‌ಟಾಪಿನ ಮುಂದೆ ಕೂತು ತೋಳೇರಿಸಿಕೊಂಡು ಹೀಗೆ ಘೋಷಿಸಿದರು. ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವುದು ಅವರ ವೃತ್ತಿ. ಹಾಸ್ಯ ಲೇಖನ ಬರೆದು ಸ್ವಂತ ಜಾಲತಾಣದಲ್ಲಿ ಹಾಕುವುದು ಪ್ರವೃತ್ತಿ. ಎರಡರ ಪರಿಣಾಮವೂ ಒಂದೇ ಎಂಬ ಮಾತು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಓಡಾಡುತ್ತಿತ್ತು. ಪುಣ್ಯಕ್ಕೆ ಅದಿನ್ನೂ ಅವರ ಕಿವಿಗೆ ಬಿದ್ದಿರಲಿಲ್ಲ.

ಅವತ್ತು ಸಂಜೆ ಆಸ್ಪತ್ರೆಯ ಸಭಾಂಗಣದಲ್ಲಿ ಸಿಬ್ಬಂದಿಯೆಲ್ಲ ಸೇರುವುದಿತ್ತು. ಮುಖ್ಯ ಸರ್ಜನ್ನು, ಅಂದರೆ ಎಲ್ಲರ ಬಾಯಲ್ಲಿ 'ಕತ್ತರಿ ಮೇಡಂ', ಡಾಕ್ಟರಿಗೆ ಅವರ ಹಾಸ್ಯಬರಹ ಓದಲು ಸಮಯ ಕೊಟ್ಟಿದ್ದರು. ದೊಡ್ಡ ಪರದೆಯ ಮೇಲೆ ಜಾಲತಾಣ ತೆರೆದು, ಎದುರಿಗೆ ನಿಂತು ಓದಬೇಕು! ಇಂಥದೊಂದು ಆಹ್ವಾನಕ್ಕಾಗಿ ಡಾಕ್ಟರು ಚಾತಕಪಕ್ಷಿಯಂತೆ ಕಾದಿದ್ದರು. ಆದರೆ ಜಾಲತಾಣದ ಮೂಲೆಯಲ್ಲಿ 'ಹೊಸ ಆವೃತ್ತಿ ಸಿದ್ಧವಾಗಿದೆ, ಅಪ್‌ಡೇಟ್ ಮಾಡಿ' ಎಂಬ ಕೆಂಪು ಸೂಚನೆ ಮೊಡವೆಯ ಹಾಗೆ ಕೂತಿತ್ತು. ಮುಖದಲ್ಲಿ ಮೊಡವೆ ಇಟ್ಟುಕೊಂಡು ಸಭೆಗೆ ಹೋಗುವುದುಂಟೆ?

ಊಟದ ಮೇಜಿನ ಆ ತುದಿಯಲ್ಲಿ ಹೆಂಡತಿ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ರೀ, ಇವತ್ತೊಂದು ದಿನ ಅದನ್ನ ಮುಟ್ಟಬೇಡಿ."

"ಒಂದೇ ಒಂದು ಬಟನ್ ಕಣೇ!"

ಒತ್ತಿದರು. ಪುಟ ಬೆಳ್ಳಗಾಯಿತು. ಬಿಳಿ ಎಂದರೆ ಆಸ್ಪತ್ರೆಯ ಹೊಸ ಹಾಸಿನ ಬಿಳಿ! ಅದರ ಮೇಲೆ ಒಂದು ಚುಕ್ಕೆಯೂ ಇಲ್ಲ.

"ಎದ್ದಿತಾ?" ಹೆಂಡತಿ ಕೇಳಿದರು.

"ಏಳುತ್ತೆ, ಏಳುತ್ತೆ. ಕೆಲವರು ಸ್ವಲ್ಪ ನಿಧಾನ."

"ಮೊದಲು ಬ್ಯಾಕಪ್ ತಗೊಂಡ್ರಾ?"

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಅದೂ ಅದನ್ನೇ ಕೇಳ್ತು. ಹೌದು ಅಂತ ಒತ್ತಿದೆ."

"ತಗೊಂಡಿದ್ರಾ?"

"ಇಲ್ಲ."

"ಮತ್ತೆ ಹೌದು ಅಂತ ಯಾಕೆ ಒತ್ತಿದ್ರಿ?"

"ಇಲ್ಲ ಅಂದ್ರೆ ಅದು ಮುಂದಕ್ಕೆ ಬಿಡ್ತಿರ್ಲಿಲ್ಲ!"

ಹೆಂಡತಿ ಕೆಂಪು ಪೆನ್ನು ಕೆಳಗಿಟ್ಟರು. "ಆಪರೇಷನ್ನಿಗೆ ಖಾಲಿ ಹೊಟ್ಟೇಲಿ ಬಾ ಅಂದ್ರೂ ತಿಂಡಿ ತಿಂದು ಬಂದ ಪೇಷಂಟು 'ಏನೂ ತಿಂದಿಲ್ಲ ಡಾಕ್ಟ್ರೇ' ಅಂದಾಗ ಮನೆಗೆ ಬಂದು ಯಾರ್ರೀ ಕೂಗಾಡೋದು?"

ಡಾಕ್ಟರು ಅವಸರವಾಗಿ ಭಾವಮೈದುನನಿಗೆ ಫೋನ್ ಹಚ್ಚಿದರು. ಈ ಜಾಲತಾಣವನ್ನು ಕಟ್ಟಿಕೊಟ್ಟವನು ಅವನೇ. ಫೋನಿನಲ್ಲಿ ಅವನು ಹೇಳಿದಂತೆ ಅದನ್ನೂ ಇದನ್ನೂ ಒತ್ತಿದ ಮೇಲೆ ಪುಟ ಕಣ್ಣು ಬಿಟ್ಟಿತು. ಡಾಕ್ಟರು ಕುರ್ಚಿಯಿಂದ ಹಾರಿದರು. ಮರುಕ್ಷಣವೇ ಅಷ್ಟೇ ವೇಗದಲ್ಲಿ ಕುಸಿದರು. ಅಕ್ಷರವಿದ್ದ ಕಡೆಯಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ! ಶೀರ್ಷಿಕೆ ಪ್ರಶ್ನೆ, ಲೇಖನ ಪ್ರಶ್ನೆ, ಲೇಖಕರ ಹೆಸರೂ ಪ್ರಶ್ನೆ. ನಡುನಡುವೆ ಅವರು ಧಾರಾಳವಾಗಿ ಬಳಸಿದ್ದ ಆಶ್ಚರ್ಯಸೂಚಕಗಳು ಮಾತ್ರ ಪ್ರವಾಹದಲ್ಲಿ ಮುಳುಗದ ಕಂಬಗಳಂತೆ ನಿಂತಿದ್ದವು.

"ಭಾವ, ಹೊಸ ತಂತ್ರಾಂಶಕ್ಕೆ ಹಳೇ ಅಕ್ಷರ ಓದೋಕೆ ಬರ್ತಿಲ್ಲ."

"ಕನ್ನಡ ಬರಲ್ವಾ ಅದಕ್ಕೆ? ಹಾಗಿದ್ರೆ ಮೊದಲೇ ಹೇಳಬಾರದಿತ್ತಾ!"

"ಸರ್ವರ್‌ನವರ ಹತ್ರ ಹಳೇ ಪ್ರತಿ ಇರಬಹುದು, ಕೇಳ್ತೀನಿ. ಅಲ್ಲೀವರೆಗೆ ಕೈ ಕಟ್ಟಿ ಕೂತ್ಕೊಳ್ಳಿ. ದಮ್ಮಯ್ಯ, ಏನೂ ಮುಟ್ಟಬೇಡಿ."

ಡಾಕ್ಟರು ಕೈ ಕಟ್ಟಿ ಕೂತರು. ಆದರೆ ಪರದೆಯ ಕೆಳಗೆ 'ಎಲ್ಲ ಬರಹಗಳನ್ನು ಮರುಪ್ರಕಟಿಸಿ' ಎಂಬ ಬಟನ್ನು ಕಣ್ಣು ಹೊಡೆಯುತ್ತಿತ್ತು. ಮರುಪ್ರಕಟಣೆ! ಯಾವ ಲೇಖಕ ತಾನೇ ಆ ಮಾತಿಗೆ ಮನಸೋಲದೆ ಇದ್ದಾನು? ಕಟ್ಟಿದ ಕೈ ತಾನಾಗಿ ಬಿಚ್ಚಿತು.

ಹೊಸದೇನಾದರೂ ಪ್ರಕಟವಾದರೆ ಚಂದಾದಾರರಿಗೆಲ್ಲ ತಕ್ಷಣ ಮಿಂಚಂಚೆ ಹೋಗುವ ವ್ಯವಸ್ಥೆ ಅದರಲ್ಲಿತ್ತು. ಇಡೀ ಆಸ್ಪತ್ರೆಯನ್ನು ಚಂದಾದಾರರನ್ನಾಗಿ ಮಾಡಿದ್ದವರು ಸ್ವತಃ ಡಾಕ್ಟರು, ಯಾರನ್ನೂ ಒಂದು ಮಾತು ಕೇಳದೆ! ವರ್ಷಗಟ್ಟಲೆ ಬರೆದದ್ದೆಲ್ಲ ಒಂದೇ ಉಸಿರಿಗೆ ಹೊರಟಿತು.

ಮೊದಲ ಫೋನು ಹೆಡ್ ನರ್ಸ್‌ದು. "ಸಾರ್, ಇದೇನು ಪ್ರಶ್ನೆಪತ್ರಿಕೆ? ಉತ್ತರ ಸಂಜೆ ತರಬೇಕಾ?"

ಆಮೇಲೆ ಔಷಧಿ ಅಂಗಡಿಯವರು: "ಡಾಕ್ಟ್ರೇ, ಪ್ರಿಸ್ಕ್ರಿಪ್ಷನ್ ಅರ್ಥ ಆಗ್ತಿಲ್ಲ. ಯಾವಾಗಲೂ ಆಗ್ತಿರ್ಲಿಲ್ಲ ಬಿಡಿ, ಇವತ್ತು ಸ್ವಲ್ಪ ಜಾಸ್ತಿ."

ಕೊನೆಗೆ ಸಾಕ್ಷಾತ್ ಕತ್ತರಿ ಮೇಡಂ! "ಏನ್ರೀ ಇದು? ಫೋನು ಬಡ್ಕೊಳ್ತಾನೇ ಇದೆ. ನಿಮ್ಮ ಸಮಸ್ಯೆ ಏನು?"

"ಮೇಡಂ, ಸಂಜೆ ಎಲ್ಲ ವಿವರವಾಗಿ ಹೇಳ್ತೀನಿ," ಎಂದು ಡಾಕ್ಟರು ಗಂಭೀರವಾಗಿ ಫೋನಿಟ್ಟರು. ಬೆವರು ಮಾತ್ರ ಗಂಭೀರವಾಗಿರಲಿಲ್ಲ, ಧಾರಾಕಾರವಾಗಿತ್ತು.

"ಹೋಗಲೇಬೇಕಾ?" ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ಹಿಡಿದು ಕೇಳಿದರು.

"ಹೋಗಲೇಬೇಕು," ಎಂದರು ಹೆಂಡತಿ. ಗಂಡ ಕಂಗಾಲಾದುದನ್ನು ಕಂಡು ದನಿ ಮೆತ್ತಗಾಯಿತು. "ನಡೆದಿದ್ದು ನಡೆದ ಹಾಗೇ ಹೇಳಿಬಿಡಿ. ನಾನೂ ಬರ್ತೀನಿ."

ಸಂಜೆ ಪರದೆ ತುಂಬ ಪ್ರಶ್ನೆಗಳು. ಡಾಕ್ಟರು ಕಾಗದವಿಲ್ಲದೆ, ಬರಹವಿಲ್ಲದೆ, ಬೇರೆ ದಾರಿಯೂ ಇಲ್ಲದೆ ವೇದಿಕೆಯ ಮೇಲೆ ನಿಂತು ಬೆಳಗಿನ ಕಥೆ ಶುರು ಮಾಡಿದರು. ಬ್ಯಾಕಪ್ಪಿನ ಸುಳ್ಳನ್ನು ಒಪ್ಪಿಕೊಂಡಾಗ ಹಿಂದಿನ ಸಾಲು ನಕ್ಕಿತು. ಹೆಂಡತಿ ಬೈದದ್ದನ್ನು ಅವರದೇ ದನಿಯಲ್ಲಿ ಅಣಕಿಸಿದಾಗ ಮಧ್ಯದ ಸಾಲೂ ನಕ್ಕಿತು. ಮರುಪ್ರಕಟಣೆಗೆ ಬರುವಷ್ಟರಲ್ಲಿ ಹೆಡ್ ನರ್ಸ್ ಕಣ್ಣೊರೆಸಿಕೊಳ್ಳುತ್ತಿದ್ದರು. ಕತ್ತರಿ ಮೇಡಂ ಹೊಟ್ಟೆ ಹಿಡಿದುಕೊಂಡಿದ್ದರು. ಇಂಥ ನಗುವನ್ನು ಡಾಕ್ಟರು ಜನ್ಮದಲ್ಲಿ ಕೇಳಿರಲಿಲ್ಲ. ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು.

ಅಷ್ಟರಲ್ಲಿ ಫೋನು ಗುರುಗುಟ್ಟಿತು. ಭಾವಮೈದುನನ ಸಂದೇಶ: 'ಭಾವ, ಹಳೇ ಪ್ರತಿ ಸಿಕ್ತು. ಒಂದಕ್ಷರವೂ ಹೋಗಿಲ್ಲ!' ಪುಟವನ್ನು ಮತ್ತೆ ತೆರೆದರೆ ಹೌದು, ಪ್ರಶ್ನೆಗಳೆಲ್ಲ ಮಾಯವಾಗಿ ಪರದೆಯ ತುಂಬ ಮುದ್ದಾದ ಕನ್ನಡ ಅಕ್ಷರಗಳು!

"ಸ್ನೇಹಿತರೇ, ನನ್ನ ಬರಹಗಳೆಲ್ಲ ಬದುಕಿ ಬಂದಿವೆ!" ಡಾಕ್ಟರು ಎರಡೂ ಕೈ ಮೇಲೆತ್ತಿದರು. "ಈಗ ಒಂದೊಂದಾಗಿ ಓದ್ತೀನಿ!"

ಸಭಾಂಗಣದ ನಗು ಥಟ್ಟನೆ ನಿಂತಿತು. ಕತ್ತರಿ ಮೇಡಂ ಕುರ್ಚಿಯಿಂದೆದ್ದು, ನೇರ ವೇದಿಕೆ ಹತ್ತಿ, ಲ್ಯಾಪ್‌ಟಾಪನ್ನು ತಮ್ಮತ್ತ ತಿರುಗಿಸಿಕೊಂಡು ಕೇಳಿದರು:

"ಡಾಕ್ಟ್ರೇ, ಆ ಅಪ್‌ಡೇಟ್ ಬಟನ್ ಎಲ್ಲಿದೆ ಅಂದ್ರಿ?"