ಅತ್ತೆ ಕದ್ದು ಕಟ್ಟಿದ ಉದ್ಯಾನ

ಮಳೆ ಬರುವುದು ಮೋಡದಿಂದ ಎಂದು ನೀವು ಶಾಲೆಯಲ್ಲಿ ಕಲಿತಿರಬಹುದು. ಸುಳ್ಯಕ್ಕೆ ಬಂದು ನನ್ನ ಅತ್ತೆಯನ್ನು ಕೇಳಿ ನೋಡಿ, ಅದು ಅವರಿಂದಲೇ! ಅಪ್ಪನ ಅಕ್ಕನಾದ ಈ ಅತ್ತೆ ಹೊಳೆಬದಿಯ ಸಾರ್ವಜನಿಕ ಉದ್ಯಾನದ ಸಮಿತಿಗೆ ಅಧ್ಯಕ್ಷೆ. ಯಾವಾಗಿನಿಂದ? ಸಮಿತಿ ಹುಟ್ಟಿದಾಗಿನಿಂದ. ಎಲ್ಲಿಯವರೆಗೆ? ಕೇಳುವ ಧೈರ್ಯ ಯಾರಿಗಿದೆ ಹೇಳಿ!

ಪ್ರತಿ ಡಿಸೆಂಬರಿನ ಕೊನೆಯ ಭಾನುವಾರ ಉದ್ಯಾನದಲ್ಲೇ ಅವರ ವರ್ಷಾಂತ್ಯದ ಭಾಷಣ. ಗುಲಾಬಿ ಅರಳಿದ್ದು, ಚಿಟ್ಟೆ ಬಂದದ್ದು, ಒಂದು ವರ್ಷವಂತೂ ಗೇಟಿನ ಬಳಿ ಯಾರದೋ ದನ ಕರು ಹಾಕಿದ್ದು ಕೂಡ "ನಮ್ಮ ಅವಧಿಯ ಸಾಧನೆ"ಯಾಗಿ ಮೈಕಿನಿಂದ ಹೊರಬಂದಿತ್ತು. ಸಭಿಕರು ಓಡಿಹೋಗದಂತೆ ಬಿಸಿಬಿಸಿ ಕರಿದ ಗೋಳಿಬಜೆಯನ್ನು ಭಾಷಣ ಮುಗಿದ ಮೇಲೆಯೇ ಹಂಚಬೇಕೆಂಬ ನಿಯಮವೂ ಅವರದೇ.

ಇಂಥ ಅತ್ತೆಗೆ ಒಂದು ಗಟ್ಟಿ ನಂಬಿಕೆ. ಕೇಳಿ ತಂದ ಗಿಡದ ಗೆಲ್ಲು ಚಿಗುರುವುದಿಲ್ಲ, ಕದ್ದು ತಂದದ್ದೇ ಜೀವ ಹಿಡಿಯುವುದು! ನಮ್ಮ ಕಡೆಯ ಹೆಂಗಸರಲ್ಲಿ ಇದು ಹೊಸತೇನಲ್ಲ ಬಿಡಿ. ಆದರೆ ಸಾರ್ವಜನಿಕ ಉದ್ಯಾನದ ಅಧ್ಯಕ್ಷೆಗೂ ಇರಬೇಕೇ? ಸಂಜೆ ತಿರುಗಾಡಲು ಬಂದವರು ದಾಸವಾಳದ ಗೆಲ್ಲು ಮುರಿದು ಸೆರಗಿನೊಳಗೆ ಸೇರಿಸಿದರೆ ಅತ್ತೆ ಬೇಕೆಂದೇ ಆಕಾಶ ನೋಡುತ್ತಿದ್ದರು. ಒಮ್ಮೆ ನಾನು "ಅತ್ತೆ, ಕಳ್ಳರು!" ಎಂದು ಕೂಗಿದೆ.

"ಬಾಯಿ ಮುಚ್ಚು ಮಾರಾಯ! ನಾವು ನೋಡಿದ್ರೆ ಕೊಟ್ಟ ಹಾಗಾಗ್ತದೆ. ಕೊಟ್ಟದ್ದು ಬದುಕ್ಲಿಕ್ಕುಂಟಾ?" ಎಂದು ನನಗೇ ಬೈದರು.

ಈ ವರ್ಷ ಆಟಿ ತಿಂಗಳ, ಅಂದರೆ ಆಷಾಢದ, ಮಳೆಗೆ ಹೊಳೆ ಉಕ್ಕಿ ಉದ್ಯಾನದೊಳಗೆ ನುಗ್ಗಿತು. ನೀರು ಇಳಿದಾಗ ಉಳಿದದ್ದು ಕೆಸರು ಮತ್ತು ಬೋರ್ಡು ಮಾತ್ರ. ಮಳೆ ತರಿಸುವ ಅತ್ತೆ ಬಟ್ಟಲಿನ ಮುಂದೆ ಕುಳಿತು ಉಣ್ಣದೆ ಏಳತೊಡಗಿದರು. ಅದರ ಮೇಲೆ, ಆ ಜಾಗದ ಹೊಣೆ ಹೊತ್ತ, ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಸಾಹೇಬರೊಬ್ಬರು ಕೆಸರಿನ ಅಂಚಿನಲ್ಲಿ ನಿಂತು, "ವರ್ಷದ ಕೊನೆಗೆ ಬಂದು ನೋಡ್ತೀನಮ್ಮ. ಗಾರ್ಡನ್ ಇದ್ದರೆ ಗಾರ್ಡನ್. ಇಲ್ಲದಿದ್ದರೆ ಕಾರು ನಿಲ್ಲಿಸೋಕೆ ಬಿಟ್ಟುಬಿಡೋಣ" ಎಂದು ಹೇಳಿ ಹೋದರು.

"ನರ್ಸರಿಯಿಂದ ಗಿಡ ತರುವಾ, ಅತ್ತೆ" ಎಂದೆ. ಅವರು ನೋಡಿದ ನೋಟಕ್ಕೆ ನಾನು ನಿಂತಲ್ಲೇ ಅರ್ಧ ಒಣಗಿದೆ.

"ನಮ್ಮ ಗಿಡ ಎಲ್ಲ ಊರಲ್ಲೇ ಉಂಟು. ಕದ್ದವರ ಮನೆಯಿಂದ ನಾವು ಕದ್ದು ತರುದು. ಸ್ಕೂಟರ್ ತೆಗಿ!"

ಅಂದಿನಿಂದ ನಾನು ಕಳ್ಳರ ಸಾರಥಿ. ಯಾರೂ ಗಿಡ ಕೊಡಬಾರದು, ಕೊಟ್ಟರೆ ಕೆಟ್ಟಿತು. ನಾವು ಕೀಳುವುದನ್ನು ನೋಡಲೂಬಾರದು. "ನಾಳೆ ಬೆಳಿಗ್ಗೆ ಕದಿಲಿಕ್ಕೆ ಬರ್ತೇನೆ, ಮನೆಯಲ್ಲಿರ್ತೀರಲ್ಲ?" ಎಂದು ಫೋನ್ ಮಾಡಿ ವಿಚಾರಿಸಿ ಹೋಗುವ ಕಳ್ಳರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಪೇಟೆಯ ಬಟ್ಟೆ ಅಂಗಡಿಯವರ ಮನೆಯ ನಬೀಸಮ್ಮ ಅಂಗಳದಲ್ಲಿ ನಮಗೆ ಬೆನ್ನು ಹಾಕಿ ನಿಂತು ಕೂಗಿದರು: "ಬೇಗ ಮುರೀರಿ ಅಕ್ಕ, ನಾನು ಎಂತದೂ ನೋಡ್ತಾ ಇಲ್ಲ! ಒಲೆಯಲ್ಲಿ ಸಾರುಂಟು!"

ಅತ್ತೆಯೂ ಅಷ್ಟೇ ಗಟ್ಟಿಯಾಗಿ, "ನಾನು ಬಂದೇ ಇಲ್ಲ ನಬೀಸಾ, ನೀನು ಹೋಗಿ ಸಾರು ನೋಡು!" ಎಂದರು.

ಬೆಟ್ಟಂಪಾಡಿಯಲ್ಲಿ ಮಾತ್ರ ಎಡವಟ್ಟಾಯಿತು. ಫೋನ್ ಮಾಡಿದ್ದು ಒಂದು ಮನೆಗೆ, ನಾವು ನುಗ್ಗಿದ್ದು ಅದರ ಪಕ್ಕದ ಮನೆಗೆ! ಯಜಮಾನರು ಅಡಿಕೆ ಕೊಯ್ಯುವ ದೋಟಿ ಹಿಡಿದೇ ಓಡಿಬಂದರು. ನಾನು ಸ್ಕೂಟರಿನ ಹಿಂದೆ ಅಡಗಿದೆ. ಅತ್ತೆ ಕೈಯಲ್ಲಿದ್ದ ದಾಸವಾಳದ ಗೆಲ್ಲನ್ನು ಬಿಡದೆಯೇ ಹೊಳೆ, ಕೆಸರು, ಸಾಹೇಬರು, ಎಲ್ಲವನ್ನೂ ವಿವರಿಸಿದರು. ಆತ ದೋಟಿಯನ್ನು ಗೋಡೆಗೆ ಒರಗಿಸಿದರು.

"ಹಾಗಾದ್ರೆ ದಾಸವಾಳ ಮಾತ್ರ ಯಾಕೆ? ಮನೆ ಹಿಂದೆ ಕೇಪಳದ ಹೂಗಿಡವೂ ಉಂಟು. ನಾನು ತೋಟಕ್ಕೆ ಹೋಗ್ತೇನೆ ಮಾರಾಯ್ರೆ, ಕದ್ದು ಮುಗಿದ ಮೇಲೆ ಹಾರನ್ ಹಾಕಿ."

ಸುದ್ದಿ ಹಬ್ಬಿದ್ದೇ ತಡ, ಕಾಣಿಯೂರಿನಿಂದ, ಮಂಡೆಕೋಲಿನಿಂದಲೂ ಕದಿಯಲು ಆಮಂತ್ರಣ ಬರತೊಡಗಿತು. ಹೋಗದಿದ್ದರೆ ಬೇಸರ ಬೇರೆ. "ನಮ್ಮ ಕ್ರೋಟನ್ ನಿಮ್ಗೆ ಆಗುದಿಲ್ವಾ?" ಎಂದು ಒಬ್ಬರು ದಾರಿಯಲ್ಲಿ ನಿಲ್ಲಿಸಿ ಕೇಳಿದರು. ಸಂಜೆಯಾದರೆ ಅಂಗಡಿ ಮುಚ್ಚಿದವರು, ಬಸ್ಸಿಳಿದವರು ಹಾರೆ ಹಿಡಿದು ಕೆಸರು ತೆಗೆಯಲು ಬಂದರು. ಒಂದೊಂದು ಗೆಲ್ಲು ಚಿಗುರಿದಾಗಲೂ ಅತ್ತೆ ನನಗೆ ಫೋನ್ ಮಾಡಿ, "ನೋಡಿದ್ಯಾ? ಕದ್ದದ್ದು!" ಎಂದು ಬೀಗುತ್ತಿದ್ದರು.

ಡಿಸೆಂಬರಿನ ಆ ಭಾನುವಾರ ಸಾಹೇಬರು ಹೇಳಿದಂತೆ ಬಂದರು. ಗೇಟಿನಿಂದ ಹೊಳೆಯವರೆಗೆ ಕೆಂಪು, ಹಳದಿ, ಬಿಳಿ! ಅವರು ಒಂದು ಸುತ್ತು ಹಾಕಿದರು. ನಾವೆಲ್ಲ ಅವರ ಹಿಂದೆ ನಡೆದೆವು. ಕೊನೆಗೆ, "ಕಾರು ಎಲ್ಲಾದರೂ ನಿಲ್ಲಿಸಿಕೊಳ್ಳಲಿ ಬಿಡಿ. ಇದು ಗಾರ್ಡನ್ನೇ" ಎಂದರು. ಎದ್ದ ಚಪ್ಪಾಳೆಗೆ ಹೊಳೆಯಾಚೆಯ ಕಾಗೆಗಳೂ ಹಾರಿದವು!

ಅತ್ತೆ ಮೈಕಿನ ಮುಂದೆ ಬಂದರು. ಇನ್ನೇನು, ಗೆದ್ದ ಅತ್ತೆಯ ಭಾಷಣ, ಗೋಳಿಬಜೆ ತಣ್ಣಗಾಗುವುದು ಖಂಡಿತ ಎಂದು ನಾವು ಕುರ್ಚಿಗಳಲ್ಲಿ ಸರಿಯಾಗಿ ಕುಳಿತುಕೊಂಡೆವು.

"ಈ ವರ್ಷ ನಾನು ಎಂತದೂ ಮಾಡ್ಲಿಲ್ಲ" ಎಂದರು ಅತ್ತೆ.

ಮೈಕೇ ತಪ್ಪು ಹೇಳಿತೇನೋ ಎಂದು ನಾನು ಕತ್ತೆತ್ತಿ ನೋಡಿದೆ.

"ಹೊಳೆ ಬಂದ ದಿನ ಗಿಡಗಳ ಒಟ್ಟಿಗೆ ನಾನೂ ಹೋಗಿದ್ದೆ. ನಿಮಗೆ ಗೊತ್ತಾಗದ ಹಾಗೆ ಇದ್ದೆ, ಅಷ್ಟೇ. ನೀವು ಗಿಡ ಮಾತ್ರ ನೆಟ್ಟದ್ದಲ್ಲ. ನನ್ನನ್ನೂ ಪುನಃ ನೆಟ್ಟದ್ದು ನೀವೇ."

ಅಷ್ಟು ಹೇಳಿ ಕುಳಿತುಬಿಟ್ಟರು. ಅವರ ಭಾಷಣ ಬೇಗ ಮುಗಿಯಲೆಂದು ವರ್ಷವರ್ಷವೂ ಹರಕೆ ಹೊತ್ತವನು ನಾನು. ಅಂದು ಮಾತ್ರ ಇನ್ನಷ್ಟು ಮಾತಾಡಲಿ ಎಂದು ಮನಸ್ಸು ಹಂಬಲಿಸಿತು. ಹೋಗಿ ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದುಕೊಂಡೆ. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ಗೋಳಿಬಜೆ ಹಂಚಿ ಮುಗಿಯುವವರೆಗೆ ನಾನು ಆ ಕೈ ಬಿಡಲಿಲ್ಲ.