ಹಲಗಿ ಪಡಸಾಲ್ಯಾಗ ನನ್ನ ಜಾಗ

ಸಣ್ಣಗ ಹೇಳತೀನಿ, ಹತ್ರ ಬರ್ರಿ. ಈ ಮಾತು ನಿಮ್ಮ ಹೊಟ್ಟ್ಯಾಗೇ ಇರಲಿ. ನಿಮ್ಮ ತಂಗಿಗೂ ಬ್ಯಾಡ, ಆಕಿ ಬಾಯಿ ಎಂಥಾದ್ದಂತ ನನಗ ಗೊತ್ತೈತಿ. ನಾನೂ ಯಾರಿಗೂ ಹೇಳಿಲ್ಲ, ಹಾಲಿನಾಕಿಗೆ ಬಿಟ್ಟು. ನಮ್ಮ ಆದೋನಿ ಓಣ್ಯಾಗ ಇಂಥವು ದಿನಾ ನಡೀತಾವ. ಎಲ್ಲಾ ನನ್ನ ಕಣ್ಣಿಗೇ ಬೀಳತಾವಂದ್ರ ನಾ ಏನು ಮಾಡ್ಲಿ?

ನಾವಿರೋದು ಹಳೇ ಕಾಲದ ಹತ್ತಿ ವ್ಯಾಪಾರದವರ ಮನ್ಯಾಗ. ಮ್ಯಾಲಿನ ಅಂತಸ್ತಿನಾಗ ಅರ್ಧ ನಮ್ಮವರು ಕೊಂಡ್ರು, ಇನ್ನರ್ಧ ಆ ಮನೆತನದ ಸೊಸಿಗೇ ಉಳೀತು. ಆಕಿ ಗಂಡ ಹತ್ತಿ ದಲಾಲಿ. ಎರಡೂ ಮನಿ ಮುಂದ ಬಯಲಿಗೆ ಚಾಚಿದ ಒಂದೇ ಹಲಗಿ ಪಡಸಾಲಿ. ಅದರ ಆ ತುದಿ ಮೂಲ್ಯಾಗ ನಾ ನಲವತ್ತು ವರ್ಷದಿಂದ ಕುಂದರತೀನಿ. ಸಂಡಿಗಿ ಒಣಗಸೋದು ಅಲ್ಲೇ, ಬತ್ತಿ ಹೊಸಿಯೋದು ಅಲ್ಲೇ. ಆಕಿ ಕಿಟಕಿನೂ ಅಲ್ಲೇ ಐತಿ ಅಂದ್ರ, ಅದು ಕಿಟಕಿ ತಪ್ಪು.

ಈಗ ಆಕಿ ಮಗಳನ್ನ ನೋಡಾಕ ಮಂತ್ರಾಲಯದ ಕಡಿಂದ ಗಂಡಿನವರು ಬರತಾರಂತ. ಅದಕ್ಕ ಪಡಸಾಲಿ ಹಳೇ ಬಣ್ಣ ಕೆರಸಿ, ಹೊಸಾ ವಾರ್ನಿಶ್ ಹೊಡಸಾಕ ನಿಂತ್ಲು. ಹೊಡಸಲಿ, ಬ್ಯಾಡ ಅಂದೋರು ಯಾರು? ಆದ್ರ ನನ್ನ ಎದುರಿಗೆ ನಿಂತು, ದೊಡ್ಡಮ್ಮ ಅನ್ನೋದನ್ನ ತೆಲುಗಿನಾಗ ಅಂದು, “ಪೆದ್ದಮ್ಮಾ, ವಾರ್ನಿಶ್ ಆದಮ್ಯಾಲೆ ಇಲ್ಲಿ ಕುಂದರಬ್ಯಾಡ್ರಿ, ಕಲೆ ಬೀಳತೈತಿ” ಅಂದ್ಲು! ಮೊನ್ನೆ ಬಂದಾಕಿ ನನಗ ಹೇಳತಾಳ! ಅವತ್ತು ಹತ್ತಿದ ಉರಿ ಇನ್ನೂ ಆರಿಲ್ಲ.

ಮಾವನ ಸಾಗವಾನಿ

ಆಕಿ ಬಾಯಿ ತಗದ್ರ ಸಾಕು, “ನಮ್ಮ ಮಾವನವರು ಬರ್ಮಾದಿಂದ ತರಿಸಿದ ಸಾಗವಾನಿ ಇದು.” ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದ್ವು.

ಪಾಲಿಶ್ ಮಿಸ್ತ್ರಿ ಬಂದ, ನಮ್ಮ ಕೆಳಗಿನ ಓಣಿ ಸಾಬರ ಪೈಕಿ. ಕುಂಚದಿಂದ ಬಣ್ಣ ಬಿಡಸೋ ರಿಮೂವರ್ ಬಳದ. ಬಣ್ಣ ಹೆಂಚಿನ ಮ್ಯಾಗಿನ ದ್ವಾಸಿ ಹಂಗ ಗುಳ್ಳಿ ಗುಳ್ಳಿ ಎದ್ದಿತು. ಕಬ್ಬಣದ ಪಟ್ಟಿಲೆ ಕೆರದ. ಹಸರು ಹೋತು, ಕೆಳಗ ನೀಲಿ. ಹಸರು ಅಂದ್ರ ಆಕಿ ಮೈದುನ ವಾಪಸ್ ಬಂದ ವರ್ಷದ್ದು, ನೀಲಿ ಅವ ಓಡಿಹೋದ ವರ್ಷದ್ದು. ಯಾರ ಜೊತಿ ಅಂತ ಕೇಳಬ್ಯಾಡ್ರಿ, ಕೇಳಿದ್ರ ಹೇಳಬೇಕಾಗತೈತಿ.

ನೀಲಿನೂ ಹೋದಮ್ಯಾಲೆ ಹಲಗಿ ಮ್ಯಾಲೆ ಕರೀ ಇಂಗ್ಲಿಷ್ ಅಕ್ಷರ ಕಂಡ್ವು, ಜೊತಿಗೆ ಒಂದು ಬಾಣ. ನಾ ಬಿಡತೀನೇನು? “ಓದಪ್ಪಾ, ಜೋರಾಗಿ ಓದು” ಅಂದೆ.

ಅವ ಪಾಪ, ಸತ್ಯವಂತ. “ಬಡೀಮಾ, ಹತ್ತಿ ಕಾಳು ಬಿಡಸೋ ಜಿನ್ನಿಂಗ್ ಮಿಶಿನ್ ಬಂದಿದ್ದ ಪೆಟ್ಟಿಗಿ ಹಲಗಿ ಇವು. ಈ ಕಡಿ ಮ್ಯಾಲೆ ಇರಬೇಕು ಅಂತ ಬರದಾರ” ಅಂದ.

ಆಕಿ ಮಾರಿ ಸುಣ್ಣ ಬಳದ ಗ್ವಾಡಿ ಆತು. ನಾ ಅಂದೆ, “ನೋಡವ್ವಾ, ಮ್ಯಾಲ ಯಾವುದು, ಕೆಳಗ ಯಾವುದು ಅಂತ ಈ ಮನ್ಯಾಗ ಹಲಗಿಗೆ ಒಂದಕ್ಕೇ ಗೊತ್ತಿರೋದು!”

ಅವ್ವನ ಎಣ್ಣಿ

ಹಲಗಿ ಬೋಳಾದ್ವು. ಉಪ್ಪುಕಾಗದ ಹಾಕಿ ತಿಕ್ಕಿ ನುಣ್ಣಗ ಮಾಡಿ ಮಿಸ್ತ್ರಿ ವಾರ್ನಿಶ್ ತರಾಕ ಹೋದ. ಅವ ಬರಾಕ ನಾಕು ದಿನ ಅಂದ್ರ ಆಕಿಗೆ ತಡಕೊಳ್ಳಾಕ ಆಗಲಿಲ್ಲ. ಬೆಲ್ಲದಂಥಾ ದನಿ ಮಾಡಿ, “ಪೆದ್ದಮ್ಮಾ, ಹಿಂದಿನವರು ಏನು ಹಚ್ಚತಿದ್ರು?” ಅಂದ್ಲು.

“ಹೊಳಗುಂದದಾಗ ನಮ್ಮವ್ವ ಉಗಾದಿಗೊಮ್ಮೆ ತಲಬಾಗಿಲಿಗೆ ಎಣ್ಣಿ ಹಚ್ಚತಿದ್ಲು. ಮಾರಿ ನೋಡಿಕೋಬೇಕು, ಹಂಗ ಹೊಳೀತಿತ್ತು” ಅಂದೆ.

ಅದು ಕುಸುಬಿ ಎಣ್ಣಿ. ಹಚ್ಚಿ ಬಿಟ್ರ ತಾನೇ ಒಣಗಿ ಗಟ್ಟಿ ಆಗತೈತಿ. ಯಾವ ಎಣ್ಣಿ ಅಂತ ಕೇಳಬೇಕೋ ಬ್ಯಾಡೋ? ಕೇಳಲಿಲ್ಲ. ಕೇಳದಿದ್ದೋರಿಗೆ ಹೇಳಾಕ ನಾ ಏನು ಡಂಗುರದವಳೇನು? ಆಕಿ ಮಿರ್ಚಿ ಬಜ್ಜಿ ಕರದು ಉಳದಿದ್ದ ಶೇಂಗಾ ಎಣ್ಣಿ ಸುರದು ತಿಕ್ಕೇಬಿಟ್ಲು!

ಮೂರು ದಿನ ಆದ್ರೂ ಒಣಗಲಿಲ್ಲ. ಇರಿವಿ ಸಾಲು ಹಿಡದು ಬಂದ್ವು, ಓಣ್ಯಾಗಿನ ಬೆಕ್ಕುಗಳು ಬಂದು ನೆಕ್ಕಿದ್ವು. ದಲಾಲಿ ಚಾದ ಕಪ್ಪು ಹಿಡಕೊಂಡು ಹೊರಗ ಬಂದವ ಜಾರಿ, ಕುಂತಂಗೇ ಸರಕೋತ ನಮ್ಮ ಬಾಗಿಲ ತನಕ ಬಂದ. ಆಕಿ ನನ್ನ ಮ್ಯಾಲೇ ಒದರಿದ್ಲು, “ನಿಮ್ಮ ಮಾತು ಕೇಳಿ ಕೆಟ್ಟೆ!”

ಮಿಸ್ತ್ರಿ ಡಬ್ಬಿ ಹಿಡಕೊಂಡು ಬಂದ, ಬಗ್ಗಿ ಮೂಸಿ ನೋಡಿದ. “ಅರೆ ಅಮ್ಮಾ, ಇದಕ್ಕ ವಾರ್ನಿಶ್ ಬ್ಯಾಡ, ಚಟ್ನಿ ಬೇಕು” ಅಂದ.

ಬೆಕ್ಕಿನ ಹೆಜ್ಜಿ

ಮತ್ತ ಮೊದಲಿನಿಂದ ಕೆರದು, ತೊಳದು, ಒಣಗಿಸಿ, ಅಂತೂ ವಾರ್ನಿಶ್ ಬಿತ್ತು. ಮಿಸ್ತ್ರಿ ಅಡ್ಡ ಹಗ್ಗ ಕಟ್ಟಿ, “ಎರಡು ದಿನ ಯಾರೂ ಕಾಲಿಡಬ್ಯಾಡ್ರಿ” ಅಂದ.

ಮರುದಿನ ಮಧ್ಯಾಹ್ನ ಹಿಂದಿನ ಮೆಟ್ಟಲಿಂದ ಸಂಬಂಧ ತಂದವರು ಬಂದ್ರು. ಕಿಟಕಿ ಒಳಗ ಗುಸುಗುಸು ಸುರು ಆತು. ಮನುಷ್ಯರು ಮಾತಾಡಿದ್ರ ಕೇಳೋ ಹಂಗ ಮಾತಾಡಬೇಕು. ನಾ ಹೋಗಿದ್ದು ಅದಕ್ಕಲ್ಲ ಮತ್ತ. ನನ್ನ ಮೂಲಿ ಒಣಗೈತೋ ಇಲ್ಲೋ ನೋಡಬೇಕೋ ಬ್ಯಾಡೋ? ಹಗ್ಗ ದಾಟಿ ಹೋಗಿ ನಿಂತೆ. ಜಾಸ್ತಿ ಹೊತ್ತೇನಿಲ್ಲ, ಹುಡುಗನಿಗೆ ಮೊದಲೇ ಒಂದು ನಿಶ್ಚಯ ಆಗಿ ಮುರದಿತ್ತು ಅನ್ನೋ ತನಕ ಅಷ್ಟೇ. ಕಾಲು ಎತ್ತಿದ್ರ ಪಚಕ್ ಅಂತು. ಒಣಗಿದ್ದಿಲ್ಲ.

ಸಂಜಿಗೆ ಆಕಿ ಹೆಜ್ಜಿ ನೋಡಿ ಹೊಯ್ಕೊಂಡ್ಲು. ಓಣಿ ಮಂದಿ, ಜೊತಿಗೆ ಮಿಸ್ತ್ರಿನೂ, ಮೆಟ್ಟಲ ಹತ್ತಿ ಬಂದ್ರು. ನಾ ಎಲ್ಲರಿಗಿಂತ ಮೊದಲು ಒದರಿದೆ, “ನಿನ್ನ ಎಣ್ಣಿ ನೆಕ್ಕಾಕ ಬಂದ ಬೆಕ್ಕೇ ಇರಬೇಕು!”

ಮಿಸ್ತ್ರಿ ಕುಕ್ಕರಗಾಲಿಲೆ ಕುಂತು ನೋಡಿದ. ನನ್ನ ಬಲಗಾಲಿನ ಎರಡನೇ ಬೆರಳು ಹೆಬ್ಬೆರಳ ಮ್ಯಾಲೆ ಹತ್ತಿ ಕುಂತೈತಿ, ಓಣಿಗೇ ಗೊತ್ತು. ಹಲಗಿ ಮ್ಯಾಲೂ ಹಂಗೇ ಹತ್ತಿ ಕುಂತಿತ್ತು. ಅವ ಹೊಳ್ಳಿ ನನ್ನ ಕಾಲು ನೋಡಿದ. ಎಲ್ಲರೂ ನೋಡಿದ್ರು. ನಾ ಕಾಲು ಸೀರಿಯೊಳಗ ಎಳಕೊಂಡೆ.

“ನೋಡಕೋತ ಏನು ಕುಂತಿ, ಕೆರದು ಅಳಸು” ಅಂದೆ. ಆಕಿ ಬ್ಯಾಡ ಅಂತ ಅವನ ಕೈ ಹಿಡದ್ಲು. ಕಿವ್ಯಾಗ ಏನೋ ಹೇಳಿದ್ಲು. ಅವ ಒಣಗಿದಮ್ಯಾಲೆ ಬಂದು ಆ ಹೆಜ್ಜಿ ಮ್ಯಾಲೇ ಇನ್ನೊಂದು ಕೋಟ್ ಹೊಡದು ಹೋದ. ಗಾಜಿನೊಳಗ ಇಟ್ಟಂಗ ಕಾಣಸತಾವ, ಎರಡೂ ಕಾಲು, ಕಿಟಕಿಗೆ ಮಾರಿ ಮಾಡಿ!

ನಾ ಜಗಳಕ್ಕ ಸೆರಗು ಕಟ್ಟಿ ಹೋದೆ. ಹಾಲಿನಾಕಿ ಎದುರಿಗೇ ಆಕಿ ಕೈ ಮುಗದು, ನಕ್ಕೋತ, ನನ್ನ ಮಾರಿ ಮ್ಯಾಲೇ ಅಂದ್ಲು:

“ಪೆದ್ದಮ್ಮಾ, ಜಾಗ ಜಾಗ ಅಂತಿದ್ರಲ್ಲ, ನಿಮ್ಮ ಜಾಗ ಕಾಯಂ ಮಾಡಿಸೀನಿ. ಹೆಜ್ಜಿ ಮ್ಯಾಲೆ ಹೆಜ್ಜಿ ಇಟ್ಟು ಆರಾಮ ನಿಂದ್ರರಿ. ಕೇಳಸಲಿಲ್ಲ ಅಂದ್ರ ಕಿಟಕಿ ಬಡೀರಿ, ಜೋರಾಗಿ ಮಾತಾಡತೀವಿ.”