ಗದಗಿನ ವೀರನು ವಿಯೆನ್ನಾದಲ್ಲಿ ಸೀಟು ಹಿಡಿದದ್ದು

ಎಲೈ ವಾಗ್ದೇವಿಯೇ, ಗೈಡಿನ ಕೊಡೆಯ ಹಿಂದೆ ಏದುಸಿರು ಬಿಡುತ್ತ ಓಡಿ, ಒಂದೇ ವಾರದಲ್ಲಿ ಐದು ದೇಶಗಳನ್ನು ನುಂಗಿ ನೀರು ಕುಡಿಯುವ ಈ ತಂಡಪ್ರವಾಸಯುಗದ ಮಹಿಮೆಯನ್ನು ಹಾಡಲು ನನ್ನ ನಾಲಗೆಯ ಮೇಲೆ ತುಸು ಹೊತ್ತು ನೆಲೆಸು ತಾಯಿ! ಬಹಳ ಹೊತ್ತು ಬೇಡ. ಸಂಜೆಗೆ ನಮ್ಮವರು ಮುಂದಿನ ದೇಶಕ್ಕೆ ಹೊರಡಬೇಕಾಗಿದೆ.

ಗದಗ ಪಟ್ಟಣದ ಲೋಹಪಣ್ಯಾಧೀಶ್ವರನೂ, ಅಂದರೆ ಕಬ್ಬಿಣದ ಅಂಗಡಿಯ ಮಾಲೀಕನೂ, ಹುಬ್ಬಳ್ಳಿ ಬಸ್‌ಸ್ಟ್ಯಾಂಡೆಂಬ ಘೋರ ರಣಾಂಗಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಯಲ್ಲಿ ಅದ್ವಿತೀಯನೂ ಆದ ವಿರೂಪಾಕ್ಷಪ್ಪ ಹೊಂಬಳನೇ ಈ ಕಥೆಯ ನಾಯಕನು. ಅವನ ಧರ್ಮಪತ್ನಿ ಗುರುಬಸವ್ವ. ಮೊಣಕಾಲು ನೋವಿನ ಆ ಸಾಧ್ವಿಯು ವಿಯೆನ್ನಾ ಮಹಾನಗರದ ಅರಮನೆಗಳಿಗೆ ಹೆಬ್ಬಾಗಿಲಿನಲ್ಲೇ, ಇಗರ್ಜಿಗಳಿಗೆ ಮೆಟ್ಟಿಲ ಬುಡದಲ್ಲೇ ಕೈಮುಗಿದು ಹಿಂದಿರುಗಿದ್ದಳು. ಇನ್ನು ಅವಳ ಪಾಲಿಗೆ ಉಳಿದದ್ದು ಊರು ಸುತ್ತಿಸುವ ತೆರೆದ ಮಹಡಿಯ ಬಸ್ಸು, ಅದೂ ಒಂದೇ ಸುತ್ತು.

“ನೀವು ಜನ್ಮ ಪೂರ್ತಿ ಗಲ್ಲಾದಾಗ ಕುಂತ್ರಿ, ನಾ ಅಡಗಿಮನ್ಯಾಗ ಕುಂತೆ,” ಎಂದಿದ್ದಳು ಅವಳು ಬೆಳಗಿನ ನಾಷ್ಟಾದ ಹೊತ್ತಿನಲ್ಲಿ. “ಇವತ್ತರ ಇಬ್ಬರೂ ಕೂಡಿ ಕುಂತು ಒಂದು ಊರು ನೋಡೂಣ್ರಿ.”

ಆ ಮಾತು ಕೇಳಿ ವೀರನ ಎದೆ ಉಬ್ಬಿತು. ಬ್ರೆಡ್ಡಿನ ತುಂಡನ್ನು ಗದೆಯಂತೆ ಎತ್ತಿ ಹಿಡಿದು ಅವನು ಗರ್ಜಿಸಿದನು: “ಎಲ್ಲಾರಕಿಂತ ಮುಂದಿನ ಸೀಟಿನಾಗ ನಿನ್ನ ಕುಂಡ್ರಿಸಲಿಲ್ಲಂದ್ರ ನನ್ನ ಹೆಸರು ವಿರೂಪಾಕ್ಷಪ್ಪನ ಅಲ್ಲ!” ಪಾಪ, ಅವಳು ಮುಂದಿನ ಸೀಟು ಕೇಳಿರಲೇ ಇಲ್ಲ.

ಆದರೆ ವಿಧಿ ಎಂಬುದೊಂದಿದೆಯಲ್ಲ! ಅದೇ ತಂಡದಲ್ಲಿದ್ದನು ಬಾಗಲಕೋಟೆಯ ಮಲ್ಹಾರರಾವ್ ದೇಸಾಯಿ, ನಿವೃತ್ತ ತಹಶೀಲ್ದಾರನು, ಶೀತಭೀತನು, ಮಫ್ಲರ್‌ವೇಷ್ಟಿತಕಂಠನು. ಅವನೂ ತನ್ನ ಪತ್ನಿ ಇಂದಿರಾಬಾಯಿಗೆ ಅದೇ ಮಾತು ಕೊಟ್ಟಿದ್ದನು.

ಕೆಂಪುಬಣ್ಣದ ಆ ದ್ವಿಸ್ತರಮಹಾರಥವು ನಿಲ್ದಾಣಕ್ಕೆ ಇನ್ನೂ ಬರುತ್ತಿರುವಾಗಲೇ, ಸಾಲಿನಲ್ಲಿ ತಣ್ಣಗೆ ನಿಂತಿದ್ದ ಗೌರಾಂಗಜನರು ಬೆರಗಾಗಿ ನೋಡುತ್ತಿರಲು, ಹೊಂಬಳನು ಹೆಗಲ ಮೇಲಿನ ಕೆಂಪಂಚಿನ ಟವೆಲ್ಲನ್ನು ಉಂಡೆಮಾಡಿ, ಮನೆದೇವರನ್ನು ನೆನೆದು, ಮೇಲಕ್ಕೆ ಎಸೆದೇಬಿಟ್ಟನು. ಅದೇ ಕ್ಷಣದಲ್ಲಿ ದೇಸಾಯಿಯ ಕೊರಳಿನಿಂದ ಮಫ್ಲರೂ ಹಾರಿತು. ಎರಡು ಅಸ್ತ್ರಗಳೂ ಆಕಾಶದಲ್ಲಿ ಒಂದನ್ನೊಂದು ತಬ್ಬಿಕೊಂಡು, ಬಲಗಡೆಯ ಮುಂದಿನ ಸೀಟಿನ ಮೇಲೆಯೇ ಬಿದ್ದವು. ವೀರರಿಬ್ಬರೂ ಮೆಟ್ಟಿಲು ಹತ್ತಿ ಧಾವಿಸಿದರು.

“ಟವೆಲ್ ಮೊದಲ ಬಿದ್ದದ, ಸರಕ್ರಿ ದೇಸಾಯರ!”

“ಮಫ್ಲರ್ ಕೆಳಗದ, ಟವೆಲ್ ಮ್ಯಾಲದ. ಕೆಳಗಿದ್ದದ್ದು ಮೊದಲ ಬಿದ್ದದ್ದು. ನಾ ಎಷ್ಟು ಹೊಲದ ತಕರಾರು ಬಗೀಹರಿಸೇನಿ, ನನಗ ಕಲಸ್ತೀರೇನು?”

“ಹುಬ್ಬಳ್ಳಿ ಸ್ಟ್ಯಾಂಡಿನಾಗ ನನ್ನ ಟವೆಲ್ ಮುಟ್ಟೋ ಗಂಡಸು ಇನ್ನೂ ಹುಟ್ಟಿಲ್ಲ!”

“ಬಾಗಲಕೋಟಿ ಸ್ಟ್ಯಾಂಡ್ ನೋಡೀರಿಲ್ಲೋ ನೀವು?”

ಹೀಗೆ ಗರ್ಜಿಸುತ್ತ ಇಬ್ಬರೂ ಒಮ್ಮೆಲೇ ಆ ಸೀಟಿನಲ್ಲಿ ಕುಳಿತರು. ಗಂಡಹೆಂಡತಿ ಕೂರಬೇಕಾದ ಆಸನದಲ್ಲಿ ಇಬ್ಬರು ಗಂಡಂದಿರು ಭುಜಕ್ಕೆ ಭುಜ ಒತ್ತಿ ವಿರಾಜಮಾನರಾದರು. ಎದ್ದವನು ಸೋತಂತೆ. ಆದ್ದರಿಂದ ಯಾರೂ ಏಳಲಿಲ್ಲ.

ರಥವು ಹೊರಟಿತು. ಆಹಾ, ಏನೆಂದು ಬಣ್ಣಿಸಲಿ! ಬಲಕ್ಕೆ ಹಸಿರುಗುಮ್ಮಟದ ಅರಮನೆಗಳು ಸಾಗಿಹೋದವು. ಎದುರಿಗೆ ಗೋಪುರಗಳೆದ್ದು ಮರೆಯಾದವು. ಬೀದಿಯಲ್ಲಿ ಕುದುರೆಗಾಡಿಗಳು ಟಕಟಕನೆ ನಡೆದವು. ಡ್ಯಾನ್ಯೂಬ್ ನದಿಯು ಮಧ್ಯಾಹ್ನದ ಬಿಸಿಲಿನಲ್ಲಿ ಮಿರಮಿರನೆ ಮಿಂಚಿತು. ಹೊಂಬಳನು ದೇಸಾಯಿಯನ್ನೇ ದುರುಗುಟ್ಟಿ ನೋಡುತ್ತಿದ್ದನು. ದೇಸಾಯಿಯು ಹೊಂಬಳನನ್ನೇ ನೋಡುತ್ತಿದ್ದನು. ನದಿಯ ಮೇಲಿನ ತಂಗಾಳಿ ಬೀಸಿದಾಗ ದೇಸಾಯಿಗೆ ಸೀನು ಬಂತು. ಮಫ್ಲರು ಅವನ ಕೆಳಗೇ ಇತ್ತು, ತೆಗೆಯಬೇಕಾದರೆ ಏಳಬೇಕು. ಸೀನುತ್ತಲೇ ಅವನು ಕುಳಿತನು.

ಸುತ್ತು ಮುಗಿದು ಬಸ್ಸು ಮತ್ತೆ ಅದೇ ನಿಲ್ದಾಣದಲ್ಲಿ ನಿಂತಿತು. ಹಿಂದಿನಿಂದ ಯಾರೋ ಭುಜ ಮುಟ್ಟಿದಂತಾಯಿತು.

“ಏಳ್ರಿ, ಊರು ಮುಗೀತು,” ಎಂದಳು ಗುರುಬಸವ್ವ.

ವೀರನು ಆಗ ಮೊದಲ ಸಲ ಕತ್ತು ತಿರುಗಿಸಿದನು. ಆ ವಿಶಾಲವಾದ ಮಹಡಿಯಲ್ಲಿ ಹತ್ತಿಪ್ಪತ್ತು ಜನ ಅಲ್ಲೊಬ್ಬರು ಇಲ್ಲೊಬ್ಬರು ಕುಳಿತಿದ್ದರು. ಉಳಿದ ಸೀಟುಗಳೆಲ್ಲ ಖಾಲಿ ಹೊಡೆಯುತ್ತಿದ್ದವು. ಇಂದಿರಾಬಾಯಿ ಒಂದು ಸಾಲಿನಲ್ಲಿ ಒಬ್ಬಳೇ ಕುಳಿತು, ಶಾಲು ಸರಿಪಡಿಸಿಕೊಳ್ಳುತ್ತಿದ್ದಳು.

“ನೀ ಎಲ್ಲಿ ಕುಂತಿದ್ದಿ?” ಎಂದು ಅವನು ಮೆಲ್ಲನೆ ಕೇಳಿದನು.

“ಕಂಬಿ ಹಿಡಕೊಂಡು ಹೆಂಗೋ ಹತ್ತಿ ಬಂದು ಇಲ್ಲೇ ಕುಂತೆ, ನಿಮ್ಮ ಬೆನ್ನ ಹಿಂದ. ಬಾಜೂಕ ಚೀಲ ಇಟ್ಟು ನಿಮ್ಮ ಸಲುವಾಗಿ ಸೀಟ್ ಹಿಡಿದಿದ್ದೆ. ಎರಡು ಸಲ ಕರದೆ. ನೀವು ಹೊಳ್ಳಿ ನೋಡಲೇ ಇಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಇಂತು ವಿಯೆನ್ನಾ ವಿಜಯವು ಸಂಪೂರ್ಣವಾಯಿತು. ದಿಗ್ವಿಜಯಿಯು ಸುಕ್ಕಾದ ಟವೆಲ್ಲನ್ನು ಕೊಡವಿ ಚೀಲದೊಳಗೆ ತುರುಕಿ, ಆ ಚೀಲವನ್ನು ತಾನೇ ಹಿಡಿದುಕೊಂಡು, ಹೆಂಡತಿಗೆ ಕೈಕೊಟ್ಟು, ಒಂದೊಂದೇ ಮೆಟ್ಟಿಲು ಇಳಿಸಿದನು.